ಸೋಮವಾರದ ಬೀಗ

ಗಡಿಯಂಚಿನ ಬಿಳೂರಿನ ರುಕ್ಮವ್ವ ಸುಮ್ಮನೆ ಕುಳಿತದ್ದನ್ನು ಕಂಡವರು ಊರಲ್ಲಿ ಬಹಳ ಕಡಿಮೆ. ಊಟಕ್ಕೂ ಅವಳು ಪೂರ್ತಿ ಕೂರುವುದಿಲ್ಲ, ಒಂದು ಮೊಣಕಾಲು ಎತ್ತಿ ನಿಲ್ಲಿಸಿಕೊಂಡೇ ಉಣ್ಣುತ್ತಾಳೆ. ಯಾರಾದರೂ ಕರೆದರೆ ಥಟ್ಟನೆ ಏಳಲು ಅನುಕೂಲವಿರಲಿ ಎಂದು. ಯಾರೂ ಕರೆಯದಿದ್ದರೆ ತಾನೇ ಎದ್ದು ಯಾರನ್ನಾದರೂ ಕರೆಯುತ್ತಾಳೆ. ವಯಸ್ಸು ಐವತ್ತನಾಲ್ಕು. ಜತ್ತದ ರಸ್ತೆಗೆ ಹತ್ತಿಕೊಂಡಿರುವ ತಗಡಿನ ಶೆಡ್ಡಿನಲ್ಲಿ ಅವಳ ರೊಟ್ಟಿ ಕೇಂದ್ರ. ಏಳು ಒಲೆ, ಏಳು ಹಂಚು, ಏಳು ಜನ ಹೆಂಗಸರು. ಇಲ್ಲಿ ಬಡಿದ ಜೋಳದ ರೊಟ್ಟಿ ಖಡಕ್ಕಾಗಿ ಒಣಗಿ, ಕಟ್ಟು ಕಟ್ಟಾಗಿ ಸಾಂಗಲಿ, ಮಿರಜ, ಸೊಲ್ಲಾಪುರದ ಖಾನಾವಳಿಗಳಿಗೆ ಹೋಗುತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಬುಟ್ಟಿ ರೊಟ್ಟಿ ಹೊತ್ತು, ಬೆಳಗಿನ ಎಸ್‌ಟಿ ಬಸ್ಸು ಹತ್ತಿ, ಜತ್ತದ ಒಂದು ಖಾನಾವಳಿಗೆ ಕೊಟ್ಟು ಬಂದದ್ದೇ ಆರಂಭ. ಅವತ್ತು ಗಂಡ ಶಿವಯೋಗೆಪ್ಪ, "ನಮ್ಮ ಮನಿತನದಾಗ ಹೆಂಗಸ್ರು ರೊಟ್ಟಿ ಮಾರಿಲ್ಲ" ಎಂದು ಗುಡುಗಿದ್ದ. ಬುಟ್ಟಿಯಲ್ಲಿ ಮಿಕ್ಕ ರೊಟ್ಟಿಯನ್ನು ಕಟುಕಟು ಕಡಿಯುತ್ತ ಗುಡುಗಿದ್ದರಿಂದ ಆ ಮಾತಿಗೆ ಅಷ್ಟು ತೂಕ ಬರಲಿಲ್ಲ.

ಕೆಲಸದ ಹೆಂಗಸರಿಗೆ ರುಕ್ಮವ್ವ ಸೂಟಿ, ಅಂದರೆ ರಜೆ, ಕೊಡದವಳೇನಲ್ಲ. ಎದುರಿಗೆ ಬಂದು ಕೇಳಬೇಕು, ಯಾಕೆಂದು ಹೇಳಬೇಕು, ಅಷ್ಟೆ. ಮೊಮ್ಮಗನ ಜಾವಳ, ಅತ್ತೆಯ ಜ್ವರ, ತವರಿನಲ್ಲಿ ಬಸುರಿ ತಂಗಿಯ ಕುಬಸ. ಕಾರಣ ಕೇಳಿ, ಅದನ್ನು ಮನಸ್ಸಿನಲ್ಲೇ ತೂಗಿ, ಅರ್ಧ ದಿನವೋ ಒಂದು ದಿನವೋ ಕೊಡುತ್ತಿದ್ದಳು. ಕೊಟ್ಟ ಮೇಲೆ ಅವರ ಮನೆಗೆ ಒಂದು ಕಟ್ಟು ರೊಟ್ಟಿಯನ್ನೂ ಕಳಿಸುತ್ತಿದ್ದಳು. ಇದು ತನ್ನ ದೊಡ್ಡಗುಣ ಎಂದು ಅವಳು ನಂಬಿದ್ದಳು. ಮೊದಲ ದಿನದಿಂದ ಜೊತೆಗಿದ್ದ ಚಂದ್ರಾಬಾಯಿಯೂ ಹಾಗೇ ಅನ್ನುತ್ತಿದ್ದಳು, ಅವಳೆದುರಿಗಂತೂ.

ಮೂರು ತಿಂಗಳ ಹಿಂದೆ ರುಕ್ಮವ್ವನ ಬಲಗೈ ಮಣಿಕಟ್ಟು ಊದಿಕೊಂಡಿತು. ಮಿರಜದ ಡಾಕ್ಟರು ಪಟ್ಟಿ ಸುತ್ತಿ, ಇನ್ನು ರೊಟ್ಟಿ ಬಡಿಯುವುದು ಬಂದ್ ಎಂದರು. ಹಿಟ್ಟಿನ ಹದ ಕಣ್ಣಿಗೆ ತಿಳಿಯುವಂಥದ್ದಲ್ಲ, ಕೈಗೆ ತಿಳಿಯಬೇಕು. ಎಸರು ಹೆಚ್ಚಾದರೆ ರೊಟ್ಟಿ ಹಂಚಿಗೆ ಅಂಟುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಅಂಥ ಕೈ ಈಗ ಶೆಡ್ಡಿನಲ್ಲಿ ಒಬ್ಬಳಿಗೇ ಇತ್ತು, ನಂದಾಗೆ.

ನಂದಾ ಬೆಳುಂಕಿಯ ಹುಡುಗಿ, ಇಪ್ಪತ್ತಾರು ವರ್ಷ. ಅಪ್ಪ ಅಮೋಗಸಿದ್ದ ಕುರಿಹಿಂಡಿನ ಜೊತೆ ವರ್ಷದ ಬಹುಪಾಲು ಊರ ಹೊರಗೇ. ಮರಾಠಿ ಶಾಲೆಯಲ್ಲಿ ಹನ್ನೆರಡನೇ ಇಯತ್ತೆ ಮುಗಿಸಿದವಳು, ಐದು ವರ್ಷದಿಂದ ದಿನಾ ಜೀಪಿನಲ್ಲಿ ಬಂದು ಹೋಗುತ್ತಾಳೆ. ರುಕ್ಮವ್ವನ ಕೈ ನಿಂತ ಮೇಲೆ ಹಿಟ್ಟಿನ ಹದ ನೋಡುವುದು, ಉಳಿದವರ ಕೈ ತಿದ್ದುವುದು, ಫೋನಿನಲ್ಲಿ ಖಾನಾವಳಿಯವರಿಗೆ ಉತ್ತರ ಕೊಡುವುದು ಎಲ್ಲ ಅವಳದೇ. ರುಕ್ಮವ್ವ ಹಿಂದೆ ನಿಂತು, ಸರಿಯಾಗಿಯೇ ನಡೆಯುತ್ತಿರುವುದನ್ನು ಇನ್ನಷ್ಟು ಸರಿಮಾಡಲು ಒದ್ದಾಡುತ್ತಿದ್ದಳು.

ಹೀಗಿರುವಾಗ ಜತ್ತದಲ್ಲಿ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರ ಮೇಳಾವ್ ನಡೆಯಿತು. ಸ್ವಂತ ಧಂಧೆ ಕಟ್ಟಿದವರು ಹೊಸಬರಿಗೆ ನಾಲ್ಕು ಬುದ್ಧಿಮಾತು ಹೇಳಬೇಕು ಎಂದು ರುಕ್ಮವ್ವನನ್ನು ಕರೆದಿದ್ದರು. ಅವಳು ಇಳಕಲ್ಲ ಸೀರೆ ಉಟ್ಟು, ನಂದಾಳನ್ನು ಜೊತೆಗೆ ಕರೆದುಕೊಂಡು ಹೋದಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡಿದಳು. "ಹತ್ತೊಂಬತ್ತು ವರ್ಷದಾಗ ನಮ್ಮ ಒಲಿ ಒಂದು ದಿನಾನೂ ಆರಿಲ್ಲ. ನಾನೂ ಒಂದು ದಿನ ಕುಂತಿಲ್ಲ, ನಮ್ಮ ಹೆಣ್ಮಕ್ಕಳನ್ನೂ ಕುಂದ್ರಿಸಿಲ್ಲ" ಎಂದಾಗ ಸಭಾಗೃಹ ಚಪ್ಪಾಳೆಯಿಂದ ತುಂಬಿತು. ನಂದಾಳೂ ಚಪ್ಪಾಳೆ ತಟ್ಟಿದಳು. ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದವಳೂ ಅವಳೇ.

ವಾಪಸು ಬರುವಾಗ ಜೀಪು ತುಂಬಿ ತುಳುಕುತ್ತಿತ್ತು. ನಂದಾ ಮೆಲ್ಲಗೆ ಮಾತು ತೆಗೆದಳು.

"ಕಾಕೂ, ನನಗ ವಾರಕ್ಕೊಂದು ದಿನ ಸೂಟಿ ಬೇಕ್ರಿ. ಪಕ್ಕಾ ದಿನ. ಬೇಸ್ತವಾರ ಅಂದ್ರ ಬೇಸ್ತವಾರ."

"ಯಾಕವಾ? ಮನ್ಯಾಗ ಏನಾಗೇತಿ?"

"ಏನೂ ಆಗಿಲ್ರಿ."

"ಅಪ್ಪಗ ಆರಾಮಿಲ್ಲೇನು?"

"ಆರಾಮ ಅದಾನ್ರಿ."

"ಮತ್ತ ಯಾಕ?"

"ಬೇಕಾಗೇತ್ರಿ, ಅದಕ್ಕ."

ರುಕ್ಮವ್ವನಿಗೆ ಇದು ಉತ್ತರ ಅನ್ನಿಸಲೇ ಇಲ್ಲ. "ನೀ ಕೇಳಿದಾಗ ನಾ ಎಂದರ ಇಲ್ಲ ಅಂದೀನೇನು?"

"ಇಲ್ರಿ. ಆದ್ರ ಪ್ರತಿ ಸಲ ಕಾರಣ ಹೇಳಬೇಕಲ್ರಿ. ಕಾರಣ ಇಲ್ಲದ ದಿನ ಸುಳ್ಳ ಹೇಳಬೇಕಾಗತೈತಿ. ನಿಮಗ ಸುಳ್ಳ ಹೇಳಾಕ ನನಗ ಮನಸಿಲ್ರಿ." ಅವಳೇ ಮುಂದುವರಿಸಿದಳು. "ಜತ್ತದಾಗ ಮಷೀನಿನ ರೊಟ್ಟಿ ಕಾರಖಾನಿ ಹೊಸದು ಆಗೇತಲ್ರಿ, ಅವರು ಕರ್ಯಾಕತ್ತಾರ. ಅಲ್ಲಿ ಐತವಾರ ಸೂಟಿ. ನನಗ ಹೋಗೂ ಮನಸಿಲ್ರಿ, ಮಷೀನಿನ ರೊಟ್ಟಿ ನನಗ ಸೇರಂಗಿಲ್ಲ. ಆದ್ರ ಇಲ್ಲಿ ಸೂಟಿ ಆಗಂಗಿಲ್ಲ ಅಂದ್ರ ಹೋಗ್ತೀನ್ರಿ."

ಬೆದರಿಕೆಯ ಧ್ವನಿ ಇರಲಿಲ್ಲ. ಇದ್ದಿದ್ದರೆ ರುಕ್ಮವ್ವನಿಗೆ ಜಗಳ ಸಲೀಸಾಗುತ್ತಿತ್ತು. ಜೀಪಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದದ್ದರಿಂದ ಅವಳು ಹೊರಗಿನ ಜಾಲಿಗಿಡಗಳನ್ನು ನೋಡುತ್ತ ಊರು ಮುಟ್ಟಿದಳು.

ಬೇಸ್ತವಾರ ಬಂತು, ನಂದಾ ಬರಲಿಲ್ಲ. ಹಿಂದಿನ ದಿನವೇ ಹೇಳಿ ಹೋಗಿದ್ದಳು. ಹೇಳಿ ಹೋದದ್ದೇ ರುಕ್ಮವ್ವನಿಗೆ ಹೆಚ್ಚು ಉರಿಯಿತು. ಪಟ್ಟಿ ಬಿಚ್ಚಿಹಾಕಿ ತಾನೇ ಮೊದಲ ಒಲೆಯ ಮುಂದೆ ಕೂತಳು. ನಾಲ್ಕನೇ ರೊಟ್ಟಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಚಳಕು ಹೊಡೆದು, ರೊಟ್ಟಿ ಹಂಚಿಗೆ ಮುಟ್ಟುವ ಮೊದಲೇ ಎರಡು ಹೋಳಾಯಿತು. ಚಂದ್ರಾಬಾಯಿ ಏನೂ ಕಾಣದವಳಂತೆ ಆ ಹೋಳುಗಳನ್ನು ಎತ್ತಿ ಮತ್ತೆ ನಾದಿದಳು.

ಮಧ್ಯಾಹ್ನದ ಹೊತ್ತಿಗೆ ರುಕ್ಮವ್ವನ ತಲೆಯಲ್ಲಿ ಒಂದೇ ಪ್ರಶ್ನೆ: ಈ ಹುಡುಗಿ ಇವತ್ತು ಏನು ಮಾಡುತ್ತಿದ್ದಾಳೆ? ಕಾರಖಾನೆ ನೋಡಲು ಹೋಗಿರಬೇಕು. ಇಲ್ಲವೇ ವರ ಬಂದಿರಬೇಕು. ಇಲ್ಲವೇ ಯಾವನೋ ಒಬ್ಬ ಇರಬೇಕು. ಇದ್ದರೂ ಇರಲಿ, ಇದ್ದರೆ ಅದೊಂದು ಕಾರಣವಾದರೂ ಆಯಿತಲ್ಲ! ತಡೆಯಲಾರದೆ ಬೆಳುಂಕಿಯ ಜೀಪು ಹತ್ತಿದಳು. ಯಾರಾದರೂ ಕೇಳಿದರೆ ಜೋಳ ನೋಡಲು ಬಂದೆ ಎನ್ನಬೇಕೆಂದು ಒಂದು ಸಣ್ಣ ಚೀಲವನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಕಾರಣ ಎನ್ನುವುದು ಅವಳಿಗೆ ಕಾಲಿಗೆ ಚಪ್ಪಲಿಯಿದ್ದಂತೆ, ಇಲ್ಲದೆ ಹೊರಗೆ ಬರುವ ರೂಢಿಯಿರಲಿಲ್ಲ.

ನಂದಾಳ ಮನೆ ಊರ ಕೊನೆಗೆ. ಮುಳ್ಳುಬೇಲಿಯ ಆಚೆ ಬೇವಿನ ಮರ, ಮರದ ಬುಡದಲ್ಲಿ ಕಂಬಳಿ, ಕಂಬಳಿಯ ಮೇಲೆ ನಂದಾ. ತಲೆಗೆ ನೀರು ಹಾಕಿಕೊಂಡು ಕೂದಲು ಹರವಿದ್ದಳು. ಕಾಲು ಚಾಚಿದ್ದಳು. ಕೈಯಲ್ಲಿ ಫೋನಿರಲಿಲ್ಲ, ಮೊರವಿರಲಿಲ್ಲ, ಸೂಜಿದಾರವಿರಲಿಲ್ಲ. ರುಕ್ಮವ್ವ ಬೇಲಿಯ ಮರೆಯಲ್ಲಿ ನಿಂತು ಕಾಯ್ದಳು. ಈಗೇನೋ ಮಾಡುತ್ತಾಳೆ, ಇನ್ನೇನೋ ಮಾಡುತ್ತಾಳೆ. ನಂದಾ ಒಮ್ಮೆ ಆಕಳಿಸಿದಳು. ಒಂದು ಕೋಳಿಯನ್ನು ನೋಡಿದಳು. ಕಾಲು ಬದಲಿಸಿದಳು. ಬೇಲಿಯ ಹಿಂದೆ ನಿಂತವಳಿಗೇ ಕಾಲು ಹಿಡಿದು, ಮುಳ್ಳಿಗೆ ಸೆರಗು ಸಿಕ್ಕಿ, "ಅಯ್ಯ ಶಿವನ" ಎಂದು ಬಾಯಿ ಬಿಟ್ಟದ್ದರಿಂದ ಗುಟ್ಟು ರಟ್ಟಾಯಿತು.

"ಕಾಕೂ! ಬರ್ರಿ, ಕುಂದ್ರಿ" ಎಂದು ನಂದಾ ಎದ್ದು ಬಂದಳು. ಚಹಾ ಮಾಡಿದಳು. ರುಕ್ಮವ್ವ ನಿಂತೇ ಕುಡಿದಳು.

"ಏನ ಮಾಡಾಕತ್ತಿದ್ದಿ?"

"ಏನಿಲ್ರಿ. ಸುಮ್ಮ ಕುಂತಿದ್ದೆ."

"ಮುಂಜಾನಿಂದ?"

"ಮುಂಜಾನೆ ಲಗೂನ ಏಳಲಿಲ್ರಿ. ಆಮ್ಯಾಲೆ ತಲಿ ಮ್ಯಾಲ ನೀರ ಹಾಕ್ಕೊಂಡೆ. ಆಮ್ಯಾಲೆ ಕುಂತೆ."

ರುಕ್ಮವ್ವನಿಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದಾಗ ಅವಳು ಸಿಟ್ಟನ್ನೇ ಆರಿಸಿಕೊಳ್ಳುವವಳು. ಆದರೂ ಕೊನೆಯದಾಗಿ ಒಂದು ದಾರಿ ಹುಡುಕಿದಳು. "ನಂದಾ, ಮೈಯಾಗ ಆರಾಮಿಲ್ಲ ಅಂತಾದರೂ ಅನ್ನು. ಬೇಸ್ತವಾರಕ್ಕೊಮ್ಮಿ ತಲಿ ನೋಯ್ತೈತಿ ಅನ್ನು. ನಾ ಹೂಂ ಅಂತೀನಿ. ಉಳದವ್ರಿಗೆ ಹೇಳಾಕ ನನಗೂ ಒಂದು ಮಾತ ಬೇಕಲಾ?"

"ನನ್ನ ತಲಿ ನೋಯಂಗಿಲ್ರಿ ಕಾಕೂ."

"ಹಂಗಾದ್ರ ನಾಳಿಂದ ಬರಬ್ಯಾಡ. ಆ ಮಷೀನಿಗೇ ಹೋಗು!"

ಹೇಳಿ ರಸ್ತೆಗೆ ಬಂದು ನಿಂತಳು. ಜೀಪು ಬರಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲೇ ಅವಳಿಗೆ ಪಶ್ಚಾತ್ತಾಪ ಆಗಿಹೋಗಿತ್ತು. ಆದರೆ ಹೊರಳಿ ಹೋಗಿ ಹಾಗೆಂದು ಹೇಳಲು ಕಾಲು ಏಳಲಿಲ್ಲ.

ಮುಂದಿನ ಮೂರು ದಿನ ಶೆಡ್ಡು ಹಳಿ ತಪ್ಪಿತು. ಒಬ್ಬಳ ಹಿಟ್ಟು ಸಡಿಲ, ಇನ್ನೊಬ್ಬಳದು ಬಿರುಸು. ಕಟ್ಟು ಕಟ್ಟುವಾಗಲೇ ರೊಟ್ಟಿಗಳು ಪುಡಿಯಾದವು. ಮಿರಜದ ಖಾನಾವಳಿಯವರು ಫೋನು ಮಾಡಿ, ನಂದಾಬಾಯಿಗೆ ಕೊಡಿ ಎಂದರು. ಅವಳಿಲ್ಲ ಎಂದಾಗ, ಅವಳು ಬಂದ ಮೇಲೆಯೇ ಮಾಲು ಕಳಿಸಿ ಎಂದರು. ಒಂದನೇ ತಾರೀಖಿಗೆ ನಂದಾ ಕಾರಖಾನೆ ಸೇರುತ್ತಾಳಂತೆ ಎಂಬ ಸುದ್ದಿಯನ್ನು ಚಂದ್ರಾಬಾಯಿ ತಂದಳು. ಅಂದರೆ ಇನ್ನು ಒಂಬತ್ತು ದಿನ. ಆ ಹುಡುಗಿ ಹೋದರೆ ದೀಪಾವಳಿಯ ಒಳಗೆ ಈ ಏಳು ಒಲೆಗಳು ಆರುತ್ತವೆ ಎಂಬುದು ರುಕ್ಮವ್ವನಿಗೆ ಖಚಿತವಾಗಿ ಗೊತ್ತಿತ್ತು. ಅವಳು ಶೆಡ್ಡಿನಿಂದ ಮನೆಗೆ, ಮನೆಯಿಂದ ಶೆಡ್ಡಿಗೆ ಅಲೆದಳು. ತಂಬಿಗೆ ಎತ್ತಿಟ್ಟಲ್ಲಿಂದ ಮತ್ತೆ ಎತ್ತಿಟ್ಟಳು.

ಸೋಮವಾರ ಬೆಳಗ್ಗೆ ಹಿಟ್ಟು ಮುಗಿದಿತ್ತು. ಗಿರಣಿಗೆ ಜೋಳ ಒಯ್ಯುವ ಟೆಂಪೋ ಕೆಟ್ಟು ನಿಂತಿತ್ತು. ರುಕ್ಮವ್ವ ಗಂಡನ ಬಳಿಗೆ ಓಡಿದಳು. ಶಿವಯೋಗೆಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಏನ್ರೀ, ಗಾಡಿ ಹೂಡ್ರಿ. ನಾಕು ಚೀಲ ಗಿರಣಿಗೆ ಒಯ್ಯಬೇಕು."

"ಸೋಮಾರ ಐತಿ."

"ಗೊತ್ತೈತ್ರಿ. ಇದೊಂದು ಸಲ ಹೂಡ್ರಿ."

"ತಲಿ ಕೆಟ್ಟೈತೇನು? ಸೋಮಾರ ನಮ್ಮ ಮನ್ಯಾಗ ಎತ್ತಿನ ಹೆಗಲಿಗೆ ನೊಗಾ ಇಟ್ಟೀವೇನು ಎಂದರ?"

"ಆ ಎತ್ತಿಗೇನಾಗೇತ್ರಿ? ಗುಂಡಕಲ್ಲಿನಾಂಗ ಅದಾವ!"

ಶಿವಯೋಗೆಪ್ಪ ಹೆಂಡತಿಯ ಮುಖವನ್ನು ವಿಚಿತ್ರವಾಗಿ ನೋಡಿದ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಇಂಥ ಪ್ರಶ್ನೆ ಕೇಳಿರಲಿಲ್ಲ. "ಏನರ ಆಗಬೇಕೇನು? ಎತ್ತು ಬಂದು ನಿನಗ ಕಾರಣ ಹೇಳಬೇಕೇನು? ಸೋಮಾರ ಅದರ ದಿನ, ಮುಗೀತು" ಎಂದು ಬೇರೆ ಕಡೆ ತಿರುಗಿದ. ಅವನಿಗೆ ನಂದಾಳ ವಿಷಯ ಅರ್ಧಂಬರ್ಧ ಗೊತ್ತಿತ್ತಷ್ಟೆ. ಅವನು ಹೇಳಿದ್ದು ಬರೀ ಎತ್ತಿನ ಮಾತು.

ರುಕ್ಮವ್ವ ಗೊಣಗುತ್ತ ಕೊಟ್ಟಿಗೆಗೆ ಹೋದಳು. ಎರಡೂ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ಅವಳನ್ನು ನೋಡಿತು. ಏಳುವ ಯೋಚನೆ ಅದಕ್ಕಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಪ್ರತಿ ಸೋಮವಾರ ಮನೆಯ ಎತ್ತುಗಳ ಹಣೆಗೆ ವಿಭೂತಿ ಹಚ್ಚಿ ಕೈಮುಗಿದವಳು ಅವಳೇ, ಮುಗಿದು ಶೆಡ್ಡಿಗೆ ಓಡಿದವಳೂ ಅವಳೇ. ನಿಂತಲ್ಲೇ ಅವಳಿಗೆ ಆ ಎತ್ತುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು. ಎತ್ತಿಗೆ ಕೊಟ್ಟದ್ದನ್ನು ಬೆಳುಂಕಿಯ ಹುಡುಗಿಗೆ ಕೊಡಲಿಲ್ಲವಲ್ಲ, ತಲೆನೋವಿನ ಸುಳ್ಳು ಹೇಳು ಎಂದು ಬೇಡಿಕೊಂಡೆನಲ್ಲ ಎಂದು ಕೆನ್ನೆ ಬಿಸಿಯಾಯಿತು.

ಈ ಸಲ ಚೀಲವಿಲ್ಲದೆ ಬೆಳುಂಕಿಗೆ ಹೋದಳು. ನಂದಾ ಬಾಗಿಲಲ್ಲೇ ಇದ್ದಳು.

"ಬೇಸ್ತವಾರ ಅಲ್ಲ, ಸೋಮಾರ" ಎಂದಳು ರುಕ್ಮವ್ವ, ಪೀಠಿಕೆಯಿಲ್ಲದೆ. "ನಿನಗಷ್ಟ ಅಲ್ಲ, ಎಲ್ಲಾರಿಗೂ. ಯಾರನ್ನೂ ಯಾಕ ಅಂತ ಕೇಳಂಗಿಲ್ಲ. ಹೊಳ್ಳಿ ಬಾರವಾ. ಅವತ್ತ ನಾ ಬಾಯಿ ಬಿಟ್ಟಿದ್ದು ತಪ್ಪಾತು."

ನಂದಾಳ ಕಣ್ಣು ಅರಳಿತು. ಆದರೆ ಅವಳು ತಕ್ಷಣ ಹೂಂ ಅನ್ನಲಿಲ್ಲ. "ಒಂದು ಮಾತ ಐತ್ರಿ. ನೀವು ಸೂಟಿ ಅಂತೀರಿ ಖರೆ, ಸೋಮಾರ ಮುಂಜಾನೆ ನೀವಾ ಹೋಗಿ ಒಲಿ ಹಚ್ತೀರಿ. ಹೊಗಿ ಕಂಡ್ರ ಚಂದ್ರಾಬಾಯಿ ಅವ್ವ ಮನ್ಯಾಗ ಕುಂದರ್ತಾರೇನ್ರಿ? ಅವರು ಬಂದ್ರ ಮತ್ತೊಬ್ಬಾಕಿ ಬರ್ತಾಳ. ಎಲ್ಲಾರೂ ಬಂದು, ನಾ ಒಬ್ಬಾಕಿ ಬರದಿದ್ರ ನಾ ಮೈಗಳ್ಳಿ ಆಗ್ತೀನಿ."

"ಹಂಗಾದ್ರ ಏನ ಮಾಡಂತಿ?"

"ಐತವಾರ ಸಂಜಿಕ ಶೆಡ್ಡಿಗೆ ಬೀಗಾ ಹಾಕಿ ಕೀಲಿಕೈ ನನ್ನ ಕಡೆ ಕೊಡ್ರಿ. ನೀವೂ ಕುಂದ್ರಬೇಕು."

ಸೂಟಿ ಕೊಡುವುದು ಬೇರೆ, ತೆಗೆದುಕೊಳ್ಳುವುದು ಬೇರೆ. ಆದರೂ ರುಕ್ಮವ್ವ ಹೂಂ ಅಂದಳು, ಒಂದನೇ ತಾರೀಖಿನ ಲೆಕ್ಕ ತಲೆಯಲ್ಲಿತ್ತು.

ನಂದಾ ಮರುದಿನವೇ ಬಂದಳು. ವಾರ ಪೂರ್ತಿ ರೊಟ್ಟಿ ಹಂಚಿನ ಮೇಲೆ ಹೂವಿನಂತೆ ಅರಳಿತು, ಮಿರಜದ ಕಟ್ಟುಗಳು ಮತ್ತೆ ಹೊರಟವು. ಐತವಾರ ಸಂಜೆ ಕೀಲಿಕೈ ಕೊಡುವಾಗ ರುಕ್ಮವ್ವನ ಬೆರಳು ಒಂದು ಗಳಿಗೆ ಅದನ್ನು ಬಿಡಲಿಲ್ಲ. ನಂದಾ ಕಾಯ್ದಳು, ಆಮೇಲೆ ಇಸಿದುಕೊಂಡು ಜೀಪು ಹತ್ತಿದಳು.

ಸೋಮವಾರ ರುಕ್ಮವ್ವ ಎಂದಿನಂತೆ ಎದ್ದಳು. ಅಂಗಳ ಗುಡಿಸಿದಳು, ಎತ್ತುಗಳ ಹಣೆಗೆ ವಿಭೂತಿ ಹಚ್ಚಿದಳು, ಮತ್ತೊಮ್ಮೆ ಅಂಗಳ ಗುಡಿಸಿದಳು. ಎಂಟು ಗಂಟೆಗೆ ಬೀಗ ಸರಿಯಾಗಿ ಬಿದ್ದಿದೆಯೋ ಎಂದು ನೋಡಿ ಬಂದಳು. ಬಿದ್ದಿತ್ತು. ಮನೆಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿದಳು. ಬೆನ್ನಲ್ಲಿ ಇರುವೆ ಹರಿದಂತಾಯಿತು. ಶಿವಯೋಗೆಪ್ಪ, "ಯಾಕ, ಜ್ವರಾ ಬಂದಾವೇನು?" ಎಂದು ಹಣೆ ಮುಟ್ಟಿ ನೋಡಿದ. ಹತ್ತು ಗಂಟೆಗೆ ಮತ್ತೆ ಹೋದಳು. ಹನ್ನೊಂದೂವರೆಗೆ ಮೂರನೇ ಸಲ ಹೋಗಿ ಬೀಗವನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಹಿಂದಿನಿಂದ ಸೀರೆಯ ಸಪ್ಪಳ ಕೇಳಿತು. ಚಂದ್ರಾಬಾಯಿ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳುತ್ತಲೇ ಬರುತ್ತಿದ್ದಳು.

"ನೀವು ಬರೂದು ಕಂಡೆರಿ ಅಕ್ಕಾ. ಕೆಲಸ ಬಂದೈತಿ ಅಂತ ಓಡಿ ಬಂದೆ."

"ಕೆಲಸಿಲ್ಲ. ಸೂಟಿ ಐತಿ, ಹೋಗು ಮನಿಗೆ."

"ಮತ್ತ ನೀವ್ಯಾಕ ಬಂದೀರಿ?"

ರುಕ್ಮವ್ವ ಕೈಯಲ್ಲಿದ್ದ ಬೀಗವನ್ನು ಬಿಟ್ಟಳು. ಇಬ್ಬರಿಗೂ ನಗು ಬಂತು. ಹೊರಳಿ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಜೋಳದ ಚೀಲ ಇಳಿಸುವ ಹಾಸುಗಲ್ಲಿನ ಮೇಲೆ ಕೂತರು. ಹತ್ತೊಂಬತ್ತು ವರ್ಷ ಹೆಗಲಿಗೆ ಹೆಗಲು ಕೊಟ್ಟು ದುಡಿದವರು ಬರಿಗೈಯಲ್ಲಿ ಹೀಗೆ ಕೂತದ್ದು ಇದೇ ಮೊದಲು. ತೊಗರಿಯ ಹೂವಿನ ಮಾತಾಯಿತು, ಮಳೆಯ ಮಾತಾಯಿತು. ಎರಡೂ ಬೇಗ ಮುಗಿದವು.

"ನಂದಾ ಶ್ಯಾಣ್ಯಾಕಿ ಅದಾಳ್ರಿ" ಎಂದಳು ಚಂದ್ರಾಬಾಯಿ. "ಕಾರಣ ಹೇಳಂಗಿಲ್ಲ ಅಂದ್ಲು ನೋಡ್ರಿ. ನನಗ ಆವಾಗ ಹಂಗ ಅನ್ನಾಕ ಬರಲಿಲ್ಲ."

"ಯಾವಾಗ?"

ಚಂದ್ರಾಬಾಯಿ ಸೆರಗಿನ ತುದಿ ಮಡಿಚಿದಳು, ಬಿಚ್ಚಿದಳು. "ನಮ್ಮ ಹಿರೇ ಮಗಳು ಚೊಚ್ಚಲ ಬಾಣಂತನಕ್ಕ ಬಂದಿದ್ಲಲ್ರಿ, ಆ ವರ್ಷ. ಅಕಿಗೆ ಏಳು ತಿಂಗಳು. ನನಗ ನಾಕು."

ರುಕ್ಮವ್ವ ತಿರುಗಿ ನೋಡಿದಳು.

"ಮಗಳ ಕೂಡ ತಾಯೀನೂ ಬಸರಾದ್ಲು ಅಂತ ಊರ ನಗತೈತೆಂದು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ರಿ. ಒಂದಿನ ಸಂಜಿಮುಂದ ಇಲ್ಲಿಂದ ಮನಿಗೆ ಹೋದೆ, ಹೊಟ್ಟ್ಯಾಗಿಂದು ಹೋಗಿಬಿಡ್ತು. ಮರುದಿನ ಮುಂಜಾನೆ ಇಲ್ಲೇ ಬಂದು ನಿಂತು ಮೂರು ದಿನ ಸೂಟಿ ಕೇಳಿದೆರಿ. ನೀವು ಯಾಕ ಅಂದ್ರಿ. ಎಲ್ಲಾರೂ ನಿಂತಿದ್ರು. ಆಡು ಸತ್ತೈತ್ರಿ ಅಂದೆ."

"ನಾ ಏನಂದೆ?"

"ಆಡು ಸತ್ರ ಮೂರು ದಿನ ಯಾಕ, ಒಂದು ದಿನ ಸಾಕು ಅಂದ್ರಿ. ಮನಿಗೆ ಒಂದು ಕಟ್ಟು ರೊಟ್ಟಿನೂ ಕೊಟ್ಟ ಕಳಿಸಿದ್ರಿ." ಅವಳ ಧ್ವನಿಯಲ್ಲಿ ದೂರಿರಲಿಲ್ಲ. "ನಿಮ್ಮ ತಪ್ಪಲ್ರಿ. ನಾ ಹೇಳಿದ್ದಾ ಆಡು."

ಆ ಮಾತು ತಾನು ಆಡಿದ್ದು ರುಕ್ಮವ್ವನಿಗೆ ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ಆ ಬೆಳಗು ಸಿಗಲಿಲ್ಲ. ನೂರಾರು ಬೆಳಗಿನಲ್ಲಿ ಅದೂ ಒಂದಾಗಿತ್ತು. ಆ ಒಂದು ದಿನ ಕಳೆದದ್ದೇ ಈ ಹೆಂಗಸು ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಾಳೆ. ತಾನು ಪಕ್ಕದಲ್ಲೇ ನಿಂತು ಲಗೂ ಲಗೂ ಎಂದಿರಬೇಕು. ಅಳಬೇಕೆನ್ನಿಸಿತು, ಅಳಲು ತನಗೆ ಹಕ್ಕಿಲ್ಲ ಅನ್ನಿಸಿತು.

"ಆತ್ರಿ ಅಕ್ಕಾ, ಹೋಗ್ತೀನಿ. ಎಷ್ಟೊತ್ತ ಕುಂದ್ರೂದು?" ಎಂದು ಚಂದ್ರಾಬಾಯಿ ಮೊಣಕಾಲಿಗೆ ಕೈಯೂರಿ ಎದ್ದಳು.

ರುಕ್ಮವ್ವ ಅವಳ ಸೆರಗು ಹಿಡಿದು ಕೆಳಗೆ ಜಗ್ಗಿದಳು.

"ಕುಂದರ ಚಂದ್ರಾ. ನಿನ್ನ ಸೂಟಿ ಇನ್ನೂ ಎರಡು ದಿನ ಉಳದಾವ."